ಡಿಸೆಂಬರ್‌ನಲ್ಲಿ ಜೈಸಲ್ಮೇರ್ ಮರಳುಗಾಡು, ಮೂರು ರಾತ್ರಿ: ಏನು ಒಯ್ಯೋದು, ಏನು ಬಿಡೋದು?

ಬಸವನಗುಡಿ_ಬಸ್ಸು:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೇ ವಾರ ಮಗಳಿಗೆ ರಜೆ. ಜೋಧಪುರ ನೋಡ್ಕೊಂಡು ಜೈಸಲ್ಮೇರ್‌ಗೆ ಹೋಗಿ, ಅಲ್ಲಿಂದ ಮುಂದೆ ಮರಳುಗಾಡಲ್ಲೇ ಮೂರು ರಾತ್ರಿ ಇರಬೇಕು ಅಂತ ಯೋಚನೆ. ನಾನು, ನನ್ನ ಹೆಂಡತಿ, ಹದಿನಾಲ್ಕರ ಮಗಳು, ಜೊತೆಗೆ ಅಮ್ಮ. ಅಮ್ಮನಿಗೆ ಅರವತ್ತೆಂಟು, ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ತಗೋತಾರೆ, ಮಂಡಿನೋವು ಬೇರೆ. ಬೇಡ ಅಂದ್ರೆ ಕೇಳೋರಲ್ಲ.

ಪ್ರಶ್ನೆಗಳು: ಜೈಸಲ್ಮೇರ್ ಹತ್ತಿರದ ಮರಳು ದಿಬ್ಬದ ಊರುಗಳಲ್ಲಿ ಸ್ಯಾಮ್ ಒಳ್ಳೇದಾ, ಖೂರಿ ಒಳ್ಳೇದಾ? ಅಮ್ಮನ್ನ ಒಂಟೆ ಮೇಲೆ ಕೂರಿಸಬಹುದಾ? ಸಾಮಾನು ಎಷ್ಟು? ಈಗಿನ ಪಟ್ಟಿ ನೋಡಿದ್ರೆ ಎರಡು ದೊಡ್ಡ ಸೂಟ್‌ಕೇಸ್ ಆಗ್ತಿದೆ. ಏಜೆಂಟ್ ಕೇಳಿದ್ರೆ "ಪ್ಯಾಕೇಜ್‌ನಲ್ಲಿ ಎಲ್ಲಾ ಇದೆ ಸರ್, ಬಟ್ಟೆ ತಗೊಂಡು ಬನ್ನಿ ಸಾಕು" ಅಂತಾನೆ. ನಮಗೆ ಗೊತ್ತಿರೋ ಮರಳು ಅಂದ್ರೆ ಮಲ್ಪೆ, ಗೋಕರ್ಣ, ಹೆಚ್ಚಂದ್ರೆ ತಲಕಾಡು.

ಹುಬ್ಬಳ್ಳಿ_ಮಂದಿ:
ಸ್ವೆಟರ್ ತಗೊಳ್ರಿ. ದಪ್ಪಂದು.

ಬಸವನಗುಡಿ_ಬಸ್ಸು:
ಮರಳುಗಾಡಿಗೆ ಸ್ವೆಟರಾ ಸರ್? ನಾವು ಕಾಟನ್ ಶರ್ಟು, ಸನ್‌ಸ್ಕ್ರೀನು ಅಂತ ಬರ್ಕೊಂಡಿದ್ವಿ.

ಥಾರ್_ತಿರುಕ:
ಹುಬ್ಬಳ್ಳಿಯವರು ಹೇಳಿದ್ದು ಸರಿ. ಇಲ್ಲಿಂದ ಹೋಗೋರೆಲ್ಲ ಬಿಸಿಲಿಗೆ ತಯಾರಾಗಿ ಹೋಗಿ ರಾತ್ರಿ ನಡುಗ್ತಾರೆ. ಡಿಸೆಂಬರ್-ಜನವರಿಯಲ್ಲಿ ಅಲ್ಲಿ ಹಗಲು 23-24 ಡಿಗ್ರಿ, ಆರಾಮ. ಸೂರ್ಯ ಮುಳುಗಿದ ಮೇಲೆ ನೋಡಿ ಆಟ. ಗಾಳೀಲಿ ತೇವ ಇಲ್ಲ, ಮೇಲೆ ಮೋಡ ಇಲ್ಲ. ಹಗಲು ಕಾದ ಮರಳು ಆ ಬಿಸಿಯನ್ನ ಸರಸರ ಬಿಟ್ಟುಕೊಡುತ್ತೆ. ಬೆಳಗಿನ ಜಾವಕ್ಕೆ 7-8 ಡಿಗ್ರಿ ಮಾಮೂಲು, ಉತ್ತರದಿಂದ ಶೀತಗಾಳಿ ಬೀಸಿದ್ರೆ ಅದಕ್ಕಿಂತಲೂ ಕೆಳಗೆ. ಬೆಂಗಳೂರಿನ ಇತಿಹಾಸದಲ್ಲೇ ದಾಖಲಾದ ಅತಿ ಕಡಿಮೆ ತಾಪಮಾನ 7.8, ಅದೂ 1884ರ ಜನವರೀಲಿ. ಅಂದ್ರೆ ನಮ್ಮೂರಿನ ದಾಖಲೆ ಚಳಿ ಅಲ್ಲಿ ಸಾಧಾರಣ ಚಳಿ. ಮೇಲಿಂದ ಬಯಲುಗಾಳಿ.

ಅದಕ್ಕೇ ಏಜೆಂಟ್‌ಗೆ ಮೊದಲು ಕೇಳಬೇಕಾದ್ದು ಊಟದ ಮೆನು ಅಲ್ಲ, ಹಾಸಿಗೆ. ತಲೆಗೆ ಎಷ್ಟು ರಜಾಯಿ? ಕೆಳಗೆ ಏನು ಹಾಸ್ತಾರೆ? ಮಂಚ ಇದ್ಯಾ, ನೆಲದ ಮೇಲಾ? ಹೊದ್ದುಕೊಳ್ಳೋದು ಎಷ್ಟಿದ್ರೂ ಕೆಳಗಿನ ಮರಳು ತಣ್ಣಗಾದ್ರೆ ಬೆನ್ನಿಂದ ಚಳಿ ಹತ್ತುತ್ತೆ.

ಮಂಗ್ಳೂರು_ಮೀನು:
ನಾವು ಹೋದಾಗ ಗುಂಪಿನ ಒಬ್ಬರು ಬರ್ಮುಡಾ ಮಾತ್ರ ತಂದಿದ್ದರು ಮಾರಾಯ್ರೆ. ರಾತ್ರಿ ಇಡೀ ಬೆಂಕಿ ಹತ್ತಿರ ಕೂತು ಒಂಟೆಯವನ ಹತ್ತಿರ ಬೀಡಿ ಕೇಳಿ ಸೇದಿದ್ದು. ಬೀಡಿ ಸೇದುವವರೇ ಅಲ್ಲ ಅವರು!

ಕೋಲಾರ_ಚಿನ್ನ:
ನನ್ನ ಪ್ರಕಾರ ಇದೆಲ್ಲ ಜಾಸ್ತಿ ಹೆದರಿಸೋದು. ಒಂದೆರಡು ಪೆಗ್ ಹಾಕಿದ್ರೆ ಚಳಿ ಎಲ್ಲಿಂದ ಬರುತ್ತೆ?

ಥಾರ್_ತಿರುಕ:
ಪೆಗ್ ಹಾಕಿದ್ರೆ ಚರ್ಮದ ರಕ್ತನಾಳ ಹಿಗ್ಗಿ ಬೆಚ್ಚಗಾದ ಹಾಗೆ ಅನ್ನಿಸುತ್ತೆ, ಆದ್ರೆ ಮೈಯೊಳಗಿನ ಶಾಖ ಅಲ್ಲಿಂದಲೇ ಸೋರಿಹೋಗುತ್ತೆ. ರಾತ್ರಿ ಮೂರಕ್ಕೆ ಎಚ್ಚರ ಆಗಿ ಇನ್ನೂ ಚಳಿ. ಅದೂ ಅಲ್ದೆ ಇವರು ಅಮ್ಮನ್ನ, ಮಗಳನ್ನ ಕರ್ಕೊಂಡು ಹೋಗ್ತಿರೋದು ಗುರುವೇ.

ಪದ್ಮಕ್ಕ_ಪ್ಯಾಕಿಂಗ್:
ಸೂಟ್‌ಕೇಸ್ ವಿಷಯ ನನಗೆ ಬಿಡಿ. ಚಕ್ರದ ಸೂಟ್‌ಕೇಸ್ ಮರಳಲ್ಲಿ ಉರುಳಲ್ಲ, ಜೀಪಿನಿಂದ ಡೇರೆವರೆಗೂ ಹೊತ್ತುಕೊಂಡೇ ಹೋಗಬೇಕು. ದೊಡ್ಡದನ್ನ ಜೈಸಲ್ಮೇರ್ ಹೋಟೆಲ್‌ನ ಲಗೇಜ್ ಕೋಣೇಲಿ ಬಿಡಿ, ಮುಂಚೆನೇ ಕೇಳಿಟ್ಕೊಳ್ಳಿ. ಮರಳುಗಾಡಿಗೆ ತಲೆಗೊಂದು ಮೆತ್ತನೆ ಬ್ಯಾಗು, ಅಷ್ಟೇ. ಒಂಟೆ ಮೇಲೆ ಕಟ್ಟೋಕೂ ಅದೇ ಸರಿ.

ಬಟ್ಟೆ: ಒಳಗೆ ಮೈಗಂಟೋ ಥರ್ಮಲ್ ಒಂದು ಜೊತೆ, ಅದರ ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯೋ ಜಾಕೆಟ್. ಒಂದೇ ದಪ್ಪ ಕೋಟಿಗಿಂತ ಈ ಮೂರು ಪದರ ವಾಸಿ, ಹತ್ತು ಗಂಟೆಗೆ ಬಿಸಿಲು ಏರಿದ ಹಾಗೆ ಒಂದೊಂದೇ ತೆಗೀಬಹುದು. ಮಂಕಿ ಕ್ಯಾಪು ಕಡ್ಡಾಯ, ಮಗಳು ನಾಚಿಕೊಂಡ್ರೂ ಬಿಡಬೇಡಿ, ಕತ್ತಲಲ್ಲಿ ಯಾರು ನೋಡ್ತಾರೆ. ಎರಡು ಮೂರು ಮೀಟರಿನ ಹತ್ತಿ ಬಟ್ಟೆ ಒಂದೊಂದು: ತಲೆಗೆ ಸುತ್ತೋಕೆ, ಧೂಳಿಗೆ ಮೂಗು ಮುಚ್ಚೋಕೆ, ದಿಂಬಿಗೆ ಹೊದಿಸೋಕೆ, ಎಲ್ಲಕ್ಕೂ ಆಗುತ್ತೆ.

ಒಂಟೆ ಮೇಲೆ ಜೀನ್ಸ್ ಬೇಡವೇ ಬೇಡ. ತೊಡೆ ಒಳಭಾಗದ ದಪ್ಪ ಹೊಲಿಗೆ ಒತ್ತಿ ಉಜ್ಜಿ ಸಂಜೆಗೆ ಚರ್ಮ ಕೆಂಪಗೆ ಸುಲಿದಿರುತ್ತೆ. ಸಡಿಲ ಪೈಜಾಮ, ಪಟಿಯಾಲ ಯಾವುದಾದ್ರೂ ಸರಿ.

ಇನ್ನೊಂದು ಯಾರೂ ಹೇಳದೇ ಇರೋದು: ಅಲ್ಲಿ ಭುರಟ್ ಅಂತ ಒಂದು ಹುಲ್ಲಿದೆ. ಅದರ ಬೀಜಕ್ಕೆ ಸುತ್ತ ಮುಳ್ಳು. ಉಣ್ಣೆ ಸಾಕ್ಸು, ಶಾಲಿನ ಅಂಚು, ರಜಾಯಿ, ಎಲ್ಲಕ್ಕೂ ಅಂಟುತ್ತೆ. ಕೈಯಲ್ಲಿ ಕಿತ್ತರೆ ಬೆರಳಿಗೆ ಚುಚ್ಚಿ ಮುರಿಯುತ್ತೆ. ಒಂದು ಚಿಮಟ ಇಟ್ಕೊಳ್ಳಿ, ಆಮೇಲೆ ನನ್ನ ನೆನೆಸ್ಕೋತೀರಿ.

ಮುಖಕ್ಕೆ, ತುಟಿಗೆ ವ್ಯಾಸಲಿನ್. ಕೊಬ್ಬರಿ ಎಣ್ಣೆ ಒಯ್ದರೆ ಬೆಳಿಗ್ಗೆ ಬಾಟಲಿಯಲ್ಲಿ ಬಿಳಿ ಗಟ್ಟಿ ಮೇಣ ಆಗಿರುತ್ತೆ, ಅಮ್ಮನಿಗೆ ತಲೆಗೆ ಬೇಕಂದ್ರೆ ಅಗಲ ಬಾಯಿ ಡಬ್ಬಿಗೆ ಹಾಕಿ, ಬೆರಳಲ್ಲಿ ತೋಡಿಕೊಳ್ಳಬಹುದು.

ಬಸವನಗುಡಿ_ಬಸ್ಸು:
ಪದ್ಮಕ್ಕ, ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಅಂಟಿಸಿದ್ದೀನಿ. ಶೌಚಾಲಯದ ಬಗ್ಗೆ ಹೇಳಿ, ಮನೇಲಿ ಅದೇ ದೊಡ್ಡ ಚಿಂತೆ.

ಪದ್ಮಕ್ಕ_ಪ್ಯಾಕಿಂಗ್:
ಡೇರೆ ಕ್ಯಾಂಪ್ ಆದ್ರೆ ಕಮೋಡು, ನಲ್ಲಿ, ಎಲ್ಲಾ ಇರುತ್ತೆ. ಬಿಸಿನೀರು ಯಾವ ಹೊತ್ತಿಂದ ಯಾವ ಹೊತ್ತಿನವರೆಗೆ ಅಂತ ಮಾತ್ರ ಕೇಳಿ. ಬಯಲಲ್ಲಿ ಮಲಗೋ ಸಫಾರಿ ಆದ್ರೆ ದಿಬ್ಬದ ಆಚೆ ಕಡೆ, ಅಷ್ಟೇ. ಸಣ್ಣ ಕರಣೆ, ಟಾರ್ಚು, ನೀರಿನ ಬಾಟಲಿ. ಗುಂಡಿ ತೋಡಿ ಮುಚ್ಚಬೇಕು. ಟಿಶ್ಯೂ, ವೆಟ್ ವೈಪ್ಸ್, ಪ್ಯಾಡ್ ಅಲ್ಲಿ ಹೂಳಬಾರದು, ಗಾಳಿ ಒಂದು ರಾತ್ರೀಲಿ ಎಲ್ಲಾ ಬಯಲು ಮಾಡುತ್ತೆ. ಕಪ್ಪು ಕವರ್‌ನಲ್ಲಿ ಕಟ್ಟಿ ಊರಿಗೆ ವಾಪಸ್. ಮಗಳಿಗೆ ಇದನ್ನ ಮುಂಚೆನೇ ಹೇಳಿ ತಯಾರು ಮಾಡಿ, ಅಲ್ಲಿ ಹೋಗಿ ಹೇಳಿದ್ರೆ ಅಳು.

ರಾಗಿಮುದ್ದೆ_ರಾಜ:
ನನ್ನ ವೋಟು ಸ್ಯಾಮ್‌ಗೆ. ಊರಿಂದ ನಲವತ್ತು ಕಿಲೋಮೀಟರ್, ಟಾರು ರಸ್ತೆ ಪಕ್ಕದಲ್ಲೇ ದಿಬ್ಬ, ಅಮ್ಮ ನಡೆಯೋದೇ ಬೇಡ.

ಅರೆಬಿಸಿಲು:
ಸ್ಯಾಮ್‌ಗೆ ವರ್ಷದ ಕೊನೇ ವಾರ ಹೋಗೋದು ಒಂದೇ, ಬ್ರಿಗೇಡ್ ರೋಡಲ್ಲಿ ಹೊಸ ವರ್ಷ ಮಾಡೋದು ಒಂದೇ. ಸಾಲಾಗಿ ಕ್ಯಾಂಪು, ಒಂದೊಂದರಲ್ಲೂ ಸ್ಪೀಕರ್, ದಿಬ್ಬದ ಮೇಲೆ ಜೀಪುಗಳ ಹಾರಾಟ. ಮರಳುಗಾಡಿನ ಮೌನ ಅಂತ ಬ್ರೋಷರ್‌ನಲ್ಲಿ ಬರೆದಿರ್ತಾರೆ, ಅಲ್ಲಿ ಡಿಜೆ.

ರಾಗಿಮುದ್ದೆ_ರಾಜ:
ಡಿಜೆ ಒಂದೇ ಕಾಣ್ತು ನಿಮಗೆ. ಅಲ್ಲಿನ ಪಾರಂಪರಿಕ ಹಾಡುಗಾರರು ಮಾಂಗಣಿಯಾರ್‌ಗಳು, ಅವರು ಕಮಾಯಿಚಾ ಅನ್ನೋ ತಂತಿವಾದ್ಯ, ಖಡತಾಲ್ ಅನ್ನೋ ಮರದ ತಾಳ ಹಿಡಿದು ಹಾಡಿದ್ದು ಕೇಳಿಲ್ವಾ? ಕಾಲಬೇಲಿಯಾ ಕುಣಿತಕ್ಕೆ ಯುನೆಸ್ಕೊ 2010ರಲ್ಲೇ ಮನ್ನಣೆ ಕೊಟ್ಟಿದೆ. ಅವರ ಹೊಟ್ಟೆ ನಡೆಯೋದೂ ಇದೇ ಕ್ಯಾಂಪುಗಳಿಂದ.

ಅರೆಬಿಸಿಲು:
ಕೇಳಿದ್ದೀನಿ ಸ್ವಾಮಿ. ಎರಡು ಹಾಡು ಆಗ್ತಿದ್ದ ಹಾಗೆ ಪ್ರೇಕ್ಷಕರೇ ಎದ್ದು "ಸಿನಿಮಾ ಹಾಡು ಹಾಕಿ" ಅಂತಾರೆ, ಮುದುಕ ಕಮಾಯಿಚಾ ಮಡಿಲಲ್ಲಿಟ್ಕೊಂಡು ಸುಮ್ಮನೆ ಕೂರ್ತಾನೆ. ಕಲಾವಿದರ ಮೇಲೆ ನನ್ನ ಸಿಟ್ಟಿಲ್ಲ.

ಥಾರ್_ತಿರುಕ:
ಇಬ್ಬರದ್ದೂ ನಿಜ. ಬಸ್ಸು ಅವರೇ, ಮೂರು ರಾತ್ರಿಯನ್ನ ಒಂದೇ ಕಡೆ ಕಳೀಬೇಡಿ. ಖೂರಿ ಇರೋದು ಜೈಸಲ್ಮೇರ್‌ನ ನೈಋತ್ಯಕ್ಕೆ, ಸಣ್ಣ ಹಳ್ಳಿ, ಗಲಾಟೆ ಕಮ್ಮಿ. ಮಣ್ಣಿನ ಗುಡಿಸಲಲ್ಲಿ ಉಳಿಸೋ ಮನೆಗಳಿವೆ, ಅಮ್ಮನಿಗೆ ಅಲ್ಲಿ ಮಂಚ, ಬಾಗಿಲು, ಬಚ್ಚಲು ಎಲ್ಲಾ ಸಿಗುತ್ತೆ. ಎರಡು ರಾತ್ರಿ ಅಲ್ಲಿ. ನಡುವಿನ ಒಂದು ರಾತ್ರಿ ಬಯಲಲ್ಲಿ. ಜೀಪ್ ಬರೋ ಜಾಗಾನೇ ಆಗಲಿ ಅಂತ ಹೇಳಿ, ಅಮ್ಮನಿಗೆ ಆಗದೇ ಹೋದ್ರೆ ಅರ್ಧ ರಾತ್ರೀಲೂ ವಾಪಸ್ ಬರಬಹುದು.

ಸ್ಟೇಶನ್ ಹತ್ತಿರ ತೀರಾ ಅಗ್ಗಕ್ಕೆ ರೂಮು ಕೊಡ್ತೀನಿ ಅಂತ ಬರೋರ ಜೊತೆ ಹೋಗಬೇಡಿ. ರೂಮಿನ ಲಾಭ ಅವರಿಗೆ ಬೇಕಿಲ್ಲ, ಅವರದೇ ಸಫಾರಿ ತಗೊಳ್ಳೋವರೆಗೆ ಬಿಡಲ್ಲ.

ಕಂಪೌಂಡರ್_ಮಗ:
ಇನ್ಸುಲಿನ್ ಬಗ್ಗೆ. ವಿಮಾನ ಆದ್ರೆ ಕೈಚೀಲದಲ್ಲೇ ಇರಲಿ, ಡಾಕ್ಟರ್ ಚೀಟಿ ಜೊತೆಗೆ. ಲಗೇಜ್‌ಗೆ ಹಾಕಬೇಡಿ. ಹಗಲು ಬಿಸಿಲಿಗೆ ಇಡಬಾರದು, ಜೀಪಿನ ಡ್ಯಾಶ್‌ಬೋರ್ಡ್ ಮೇಲಂತೂ ಬೇಡ. ರಾತ್ರಿ ತೀರಾ ಚಳಿ ಇದ್ರೆ ರಜಾಯಿ ಒಳಗೆ ಇಟ್ಕೊಳ್ಳಿ. ಒಂದು ಸಲ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ್ರೂ ಬಳಸೋ ಹಾಗಿಲ್ಲ. ಗ್ಲುಕೋಮೀಟರ್ ಕೂಡ ಚಳೀಲಿ ಸರಿಯಾಗಿ ಓದಲ್ಲ, ಸ್ವಲ್ಪ ಹೊತ್ತು ಜೇಬಲ್ಲಿಟ್ಟು ಬೆಚ್ಚಗೆ ಮಾಡಿ ನೋಡಿ. ಒಂಟೆ ಸವಾರಿ, ನಡಿಗೆ ಆದ ದಿನ ಸಕ್ಕರೆ ಇಳಿಯಬಹುದು, ಜೇಬಲ್ಲಿ ಗ್ಲುಕೋಸ್ ಮಾತ್ರೆಯೋ ಬೆಲ್ಲದ ಚೂರೋ ಇರಲಿ. ಹೊರಡೋ ಮುಂಚೆ ಅಮ್ಮನ ಡಾಕ್ಟರನ್ನ ಒಂದು ಸಲ ಕೇಳಿ, ನನ್ನ ಮಾತೇ ಕೊನೆ ಅಲ್ಲ.

ಕಾಲು! ಸಕ್ಕರೆ ಇರೋರು ಬರಿಗಾಲಲ್ಲಿ ಮರಳಲ್ಲಿ ನಡೀಬಾರದು. ಫೋಟೋ ಚೆನ್ನಾಗಿ ಬರುತ್ತೆ ಅಂತ ಎಲ್ಲರೂ ಚಪ್ಪಲಿ ಬಿಡ್ತಾರೆ. ಮುಳ್ಳು ಚುಚ್ಚಿದ್ದು ಅವರಿಗೆ ಗೊತ್ತೇ ಆಗಲ್ಲ. ಮುಚ್ಚಿದ ಶೂ, ಸಾಕ್ಸು, ಸಂಜೆ ಒಂದು ಸಲ ಪಾದ ತಿರುಗಿಸಿ ನೋಡೋದು.

ನೀರು: ಚಳಿಗಾಲದಲ್ಲಿ ಬಾಯಾರಿಕೆ ಆಗಲ್ಲ, ಆದ್ರೆ ಆ ಒಣಗಾಳಿ ಮೈಯಿಂದ ನೀರು ಎಳೀತಾನೇ ಇರುತ್ತೆ. ಕುಡಿಯೋಕೇ ತಲೆಗೆ ಮೂರು ಲೀಟರ್ ಲೆಕ್ಕ ಇಟ್ಕೊಳ್ಳಿ. ಓಆರ್‌ಎಸ್ ಪೊಟ್ಟಣ ನಾಲ್ಕು. ಸಿಗದಿದ್ರೆ ಒಂದು ಲೀಟರ್ ನೀರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಎರಡರಲ್ಲೂ ಸಕ್ಕರೆ ಅಂಶ ಇದೆ, ಅಮ್ಮನಿಗೆ ಕೊಡೋವಾಗ ಗಮನ ಇರಲಿ.

ಹುಬ್ಬಳ್ಳಿ_ಮಂದಿ:
ರೈಲಿಗೆ ಹೋಗ್ರಿ. ಜೋಧಪುರ ಗಾಡಿ ನಮ್ಮ ಹುಬ್ಬಳ್ಳಿ ಮ್ಯಾಲೇ ಹೊಕ್ಕೈತಿ.

ಬಸವನಗುಡಿ_ಬಸ್ಸು:
ಎರಡು ರಾತ್ರಿ ರೈಲಲ್ಲಿ ಕೂತ್ರೆ ಅಮ್ಮನ ಮಂಡಿ ಜೋಧಪುರದಲ್ಲೇ ಮುಷ್ಕರ ಹೂಡುತ್ತೆ ಸರ್. ವಿಮಾನವೇ. ಒಂಟೆ ಬಗ್ಗೆ ಯಾರಾದ್ರೂ ಹೇಳಿ.

ಮಂಗ್ಳೂರು_ಮೀನು:
ಒಂಟೆ ಏಳುವುದು ಹಿಂಗಾಲಿನಿಂದ. ಹಿಂದೆ ಎತ್ತಿದ ಕೂಡಲೇ ನೀವು ಮುಂದಕ್ಕೆ ಮುಗ್ಗರಿಸ್ತೀರಿ, ಆಗ ಬೆನ್ನು ಹಿಂದಕ್ಕೆ ಚಾಚಿ ಜೀನು ಗಟ್ಟಿ ಹಿಡೀಬೇಕು. ಕೂರುವಾಗ ಮುಂಗಾಲು ಮೊದಲು ಮಡಚುತ್ತದೆ, ಆಗಲೂ ಮುಂದಕ್ಕೇ. ಎರಡೂ ಹೊತ್ತಿಗೆ ಹಿಂದಕ್ಕೆ ವಾಲುವುದು ನೆನಪಿಡಿ. ಕಾಲಿಡಲು ರಿಕಾಪು ಉಂಟಾ ಅಂತ ಕೇಳಿ, ಇಲ್ಲದಿದ್ದರೆ ಕಾಲು ಜೋತುಬಿದ್ದು ಮಂಡಿ ಹಿಡಿಯುತ್ತದೆ. ಅಮ್ಮನಿಗೆ ಒಂಟೆಗಾಡಿ ಮಾಡಿಸಿ. ಹಾಸಿಗೆ ಹಾಕಿದ ಗಾಡಿ, ಕಾಲು ನೀಡಿ ಕೂರಬಹುದು.

ಅರೆಬಿಸಿಲು:
ಒಂಟೆ ಸವಾರಿ ಮಾಡೋದೇ ತಪ್ಪು ಅನ್ನೋರು ಯಾರಾದ್ರೂ ಈಗ ಬರ್ತಾರೆ ನೋಡಿ.

ಹಸಿರು_ಹೆಜ್ಜೆ:
ಬಂದೆ. ತಪ್ಪು ಅನ್ನಲ್ಲ. 2019ರ ಜಾನುವಾರು ಗಣತಿ ಪ್ರಕಾರ ದೇಶದಲ್ಲಿ ಉಳಿದಿರೋ ಒಂಟೆ ಎರಡೂವರೆ ಲಕ್ಷ, 2012ಕ್ಕಿಂತ ನೂರಕ್ಕೆ 37 ಕಮ್ಮಿ. ಉಳಲು, ಹೊರಲು ಟ್ರ್ಯಾಕ್ಟರ್ ಬಂತು, ಮೇವಿನ ಗೋಮಾಳ ಹೋಯ್ತು. ರಾಜಸ್ಥಾನ 2014ರಲ್ಲಿ ಅದನ್ನ ರಾಜ್ಯ ಪ್ರಾಣಿ ಮಾಡಿತು, ಮುಂದಿನ ವರ್ಷ ಕಾಯಿದೆ ತಂದು ಹೊರರಾಜ್ಯಕ್ಕೆ ಸಾಗಿಸೋದನ್ನೂ ಬಿಗಿ ಮಾಡಿತು. ಆಗ ಕೊಳ್ಳೋರೂ ಕಮ್ಮಿಯಾದ್ರು ಅಂತ ಸಾಕೋರ ದೂರು. ಸವಾರಿ ಮಾಡಿ, ಆದ್ರೆ ಮೂಗಲ್ಲಿ ಗಾಯ ಇದ್ಯಾ, ಬೆನ್ನಲ್ಲಿ ಹುಣ್ಣಿದ್ಯಾ ನೋಡಿ ಹತ್ತಿ. ಒಂದರ ಮೇಲೆ ಇಬ್ಬರು ದೊಡ್ಡವರು ಬೇಡ.

ಧಾರವಾಡ_ಫೇಡಾ:
ಊಟದ ಸುದ್ದಿ ಯಾರೂ ತಗದೇ ಇಲ್ಲಲ್ರಿ. ಖಡಕ್ ಜ್ವಾಳದ ರೊಟ್ಟಿ ಕಟ್ಟಿಕೊಳ್ರಿ, ಜೋಡಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಆ ಒಣ ಹವಾದಾಗ ರೊಟ್ಟಿ ಮೆತ್ತಗ ಆಗೂದ ಇಲ್ಲ. ಅವಲಕ್ಕಿ ಒಗ್ಗರಣಿ ಹಾಕಿ ಡಬ್ಬ್ಯಾಗ ಒಯ್ದ್ರ ಮಗಳು ಬ್ಯಾಡ ಅನ್ನಂಗಿಲ್ಲ. ಅಲ್ಲಿ ಊಟಾನೂ ನಮಗ ಹತ್ತತೈತಿ ಬಿಡ್ರಿ, ಬಾಜ್ರಾ ರೋಟಿ ಅಂದ್ರ ನಮ್ಮ ಸಜ್ಜಿ ರೊಟ್ಟೀನ, ಮ್ಯಾಲೆ ತುಪ್ಪ, ಬೆಲ್ಲ. ಕೇರ್-ಸಾಂಗ್ರಿ ಪಲ್ಯ ತಪ್ಪಸಬ್ಯಾಡ್ರಿ. ಸಾಂಗ್ರಿ ಅಂದ್ರ ಖೇಜಡಿ ಗಿಡದ ಕಾಯಿ. ಖೇಜಡಿ ಯಾವ್ದು ಗೊತ್ತೇನ್ರಿ? ನಾವು ದಸರಾದಾಗ ಬಂಗಾರ ಅಂತ ಹಂಚೂ ಬನ್ನಿ! ನಾವು ಎಲಿ ಹಂಚತೀವಿ, ಅವರು ಕಾಯಿ ತಿಂತಾರ.

ಹಸಿರು_ಹೆಜ್ಜೆ:
ಅದೇ ಮರಕ್ಕಾಗಿ 1730ರಲ್ಲಿ ಜೋಧಪುರದ ಹತ್ತಿರ ಖೇಜಡ್ಲಿಯಲ್ಲಿ 363 ಬಿಷ್ಣೋಯಿಗಳು ಪ್ರಾಣ ಕೊಟ್ಟರು. ಅರಸನ ಕಡೆಯವರು ಸುಣ್ಣ ಸುಡೋಕೆ ಮರ ಕಡಿಯೋಕೆ ಬಂದಾಗ ಮೊದಲು ಮರ ತಬ್ಬಿದವಳು ಅಮೃತಾದೇವಿ. ಜೋಧಪುರದಲ್ಲಿ ಅರ್ಧ ದಿನ ಇದ್ರೆ ಮಗಳಿಗೆ ಆ ಜಾಗ ತೋರಿಸಿ.

ಫ್ರಿಸ್ಕೊ_ಶೆಟ್ಟಿ:
ನಾನು ಅಮೆರಿಕದಲ್ಲಿರೋದು. ಇಲ್ಲಿ ಮರಳುಗಾಡಿಗೆ ಹೋಗೋವಾಗ ಸ್ಯಾಟಲೈಟ್ ಮೆಸೆಂಜರ್ (ಉಪಗ್ರಹದ ಮೂಲಕ ಸಂದೇಶ ಕಳಿಸೋ ಸಾಧನ) ಇಲ್ಲದೆ ಯಾರೂ ಹೋಗಲ್ಲ. ಸಿಗ್ನಲ್ ಇಲ್ಲದ ಕಡೆ ಅದೊಂದೇ ದಿಕ್ಕು. ಯಾರ ಹತ್ತಿರವಾದ್ರೂ ತರಿಸ್ಕೊಳ್ಳಿ.

ಥಾರ್_ತಿರುಕ:
ಶೆಟ್ರೇ, ದಯವಿಟ್ಟು ಬೇಡ. ನಮ್ಮಲ್ಲಿ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್, ಅಂಥ ಮೆಸೆಂಜರ್ ಇಟ್ಟುಕೊಳ್ಳೋದು ಕಾನೂನುಬಾಹಿರ. ಗೊತ್ತಿಲ್ಲದೆ ತಂದ ವಿದೇಶಿ ಪ್ರವಾಸಿಗಳನ್ನ ವಿಮಾನ ನಿಲ್ದಾಣಗಳಲ್ಲೇ ಹಿಡಿದಿದ್ದಾರೆ. ಇದಂತೂ ಪಾಕಿಸ್ತಾನದ ಗಡಿ ಜಿಲ್ಲೆ. ಮಾಮೂಲಿ ಫೋನು, ಎರಡು ಬೇರೆ ಕಂಪನಿ ಸಿಮ್ಮು, ಗೈಡ್‌ನ ನಂಬರ್ ಹೋಟೆಲ್‌ನವರ ಹತ್ತಿರ, ಹೋಟೆಲ್ ನಂಬರ್ ಬೆಂಗಳೂರಲ್ಲಿ ಯಾರದ್ದಾದ್ರೂ ಹತ್ತಿರ. ಅಷ್ಟು ಸಾಕು.

ಬಸ್ಸಿನ_ಯಜಮಾನಿ:
ಇವರ ಹೆಂಡತಿ ನಾನು. ಎರಡು ಸೂಟ್‌ಕೇಸ್ ಅಂತ ಬರೆದಿದ್ದಾರಲ್ಲ, ಅದರಲ್ಲಿ ಒಂದು ಪೂರ್ತಿ ಅವರದ್ದೇ: ಟ್ರೈಪಾಡು, ಮೂರು ಲೆನ್ಸು, ಡ್ರೋನು. ನನ್ನದು, ಅತ್ತೇದು, ಮಗಳದ್ದು ಸೇರಿ ಇನ್ನೊಂದು. ಇದನ್ನೂ ಹೇಳಿ ಚರ್ಚೆ ಮಾಡಿ.

ಕೋಲಾರ_ಚಿನ್ನ:
ಸಿಕ್ಕಾಕೊಂಡ್ರು 😂

ಥಾರ್_ತಿರುಕ:
ಡ್ರೋನ್ ಮನೇಲಿ ಬಿಡಿಸಿ ಮೇಡಂ. ಗಡಿ ಹತ್ತಿರ ಹಾರಿಸಿದ್ರೆ ಉಳಿದ ರಜೆ ಠಾಣೇಲಿ. ಲೆನ್ಸ್ ಒಂದೇ ಸಾಕು, ದಿಬ್ಬದ ಮೇಲೆ ಲೆನ್ಸ್ ಬದಲಾಯಿಸಿದ್ರೆ ಸೆನ್ಸರ್ ಮೇಲೆ ಮರಳು ಕೂರುತ್ತೆ. ಕ್ಯಾಮೆರಾ, ಫೋನು, ಚಾರ್ಜರು ಜಿಪ್ ಕವರಲ್ಲಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತೆ, ರಾತ್ರಿ ರಜಾಯಿ ಒಳಗೆ ಇನ್ಸುಲಿನ್ ಪಕ್ಕ ಅದಕ್ಕೂ ಜಾಗ ಕೊಡಿ. ಪವರ್ ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು. ನಕ್ಷತ್ರ ಬೇಕಿದ್ರೆ ಟ್ರೈಪಾಡ್ ಇರಲಿ, ಆದ್ರೆ ಪಂಚಾಂಗ ನೋಡಿ ಹೊರಡಿ, ಹುಣ್ಣಿಮೆ ಹತ್ತಿರ ಬಿದ್ರೆ ಚಂದ್ರ ಬಿಟ್ಟು ಇನ್ನೇನೂ ಸರಿಯಾಗಿ ಕಾಣಲ್ಲ.

ಮಸ್ಕತ್_ಮಲ್ಲಿಗೆ:
ಇಲ್ಲಿ ಒಮಾನ್‌ನ ಶರ್ಕಿಯಾ ಮರಳಿಗೆ ಹೋಗುವಾಗ ನಾವು ಟೈರಿನ ಗಾಳಿ 15-18 ಪಿಎಸ್‌ಐಗೆ ಇಳಿಸ್ತೇವೆ, ಎರಡು ಗಾಡಿ ಇಲ್ಲದೆ ಹೋಗುವುದಿಲ್ಲ, ಸಲಿಕೆ, ಎಳೆಯುವ ಪಟ್ಟಿ, ಗಾಳಿ ತುಂಬುವ ಯಂತ್ರ ಕಡ್ಡಾಯ.

ರಾಗಿಮುದ್ದೆ_ರಾಜ:
ಅವರು ಗಾಡಿ ಓಡಿಸ್ತಿಲ್ಲ ಮೇಡಂ, ಒಂಟೆಗೆ ಗಾಳಿ ಇಳಿಸೋಕಾಗಲ್ಲ.

ಮಸ್ಕತ್_ಮಲ್ಲಿಗೆ:
ಜೀಪಿನ ಡ್ರೈವರ್ ಇಳಿಸ್ತಾನಾ ಅಂತ ನೋಡ್ಕೊಳ್ಳಲಿ ಅಂದೆ ರಾಜಣ್ಣ. ದಿಬ್ಬದಲ್ಲಿ ಹೂತ ಮೇಲೆ ತಳ್ಳುವವರು ಪ್ರಯಾಣಿಕರೇ. ಇನ್ನೊಂದು: ಕಪ್ಪು ಬಟ್ಟೆ ಬೇಡ ಅಂತ ಎಲ್ಲರೂ ಹೇಳ್ತಾರಲ್ಲ, ಅದು ಅಷ್ಟು ನಿಜ ಅಲ್ಲ. ಬೆದುಯಿನರ ಕಪ್ಪು ನಿಲುವಂಗಿ ಬಗ್ಗೆ 1980ರಲ್ಲಿ ಸಂಶೋಧನೆ ಆಗಿತ್ತು. ಬಟ್ಟೆ ಹೆಚ್ಚು ಕಾಯುತ್ತದೆ, ಆದರೆ ಸಡಿಲ ಇದ್ದರೆ ಆ ಹೆಚ್ಚುವರಿ ಬಿಸಿ ಮೈಗೆ ತಲುಪುವ ಮುಂಚೆ ಗಾಳಿಗೆ ಹೋಗುತ್ತದೆ. ಬಣ್ಣಕ್ಕಿಂತ ಸಡಿಲ ಮುಖ್ಯ.

ಬಳ್ಳಾರಿ_ಬಿಸಿಲು:
ಡೆಸರ್ಟ್ ನ್ಯಾಷನಲ್ ಪಾರ್ಕ್‌ಗೆ ಒಂದು ಬೆಳಿಗ್ಗೆ ಇಡಿ. ಸುದಾಸರಿ ಕಡೆ ಅದೃಷ್ಟ ಇದ್ರೆ ಎರೆಭೂತ ಅನ್ನೋ ದೊಡ್ಡ ಹಕ್ಕಿ ಕಾಣಬಹುದು, ಅಲ್ಲಿಯವರು ಗೋಡಾವಣ ಅಂತಾರೆ. ನಮ್ಮ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿವೆ, ದೇಶದಲ್ಲೇ ಇನ್ನೂರಕ್ಕಿಂತ ಕಮ್ಮಿ. ಹೈಟೆನ್ಶನ್ ತಂತಿಗೆ ಬಡಿದು ಸಾಯ್ತಾವೆ, 2021ರಲ್ಲಿ ಸುಪ್ರೀಂ ಕೋರ್ಟೇ ಆ ವಿಷಯದಲ್ಲಿ ಆದೇಶ ಕೊಡ್ತು. ಬೈನಾಕ್ಯುಲರ್ ಇದ್ರೆ ಡ್ರೋನ್ ಜಾಗಕ್ಕೆ ಅದನ್ನ ಹಾಕಿ.

ಅರೆಬಿಸಿಲು:
ಲೋಂಗೆವಾಲಾ, ತನೋಟ್ ಯಾರೂ ಹೇಳ್ಲೇ ಇಲ್ಲ. 1971ರಲ್ಲಿ ಶೆಲ್ ಬಿದ್ರೂ ಸಿಡಿಯದ ದೇವಸ್ಥಾನ.

ಥಾರ್_ತಿರುಕ:
ತಿದ್ದುಪಡಿ: ತನೋಟ್ ಗುಡಿ ಸುತ್ತ ಶೆಲ್ ಬಿದ್ದ ಕಥೆ 1965ರ ಯುದ್ಧದ್ದು. ಲೋಂಗೆವಾಲಾ ಕಾಳಗ 1971ರ ಡಿಸೆಂಬರ್ 4-5ರ ರಾತ್ರಿ. ನಮ್ಮ ಸೇನೆಯ ಪಂಜಾಬ್ ರೆಜಿಮೆಂಟ್‌ನ 23ನೇ ಬೆಟಾಲಿಯನ್ನಿನ ಒಂದು ತುಕಡಿ ಬೆಳಗಾಗೋವರೆಗೆ ಹಿಡಿದು ನಿಲ್ತು, ಬೆಳಕಾದ ಮೇಲೆ ಜೈಸಲ್ಮೇರ್‌ನಿಂದ ವಾಯುಪಡೆಯ ಹಂಟರ್ ವಿಮಾನ ಬಂತು. ಗುಡಿ ನಡೆಸೋದು ಈಗ ಬಿಎಸ್‌ಎಫ್‌ನವರು, ಸಿಡಿಯದ ಶೆಲ್‌ಗಳನ್ನ ಅಲ್ಲೇ ಇಟ್ಟಿದ್ದಾರೆ. ಹೋಗಿ ಬರೋಕೆ ಒಂದು ಪೂರ್ತಿ ದಿನ. ರಾಮಗಢ ದಾಟಿದ ಮೇಲೆ ಅಂಗಡಿ, ಪೆಟ್ರೋಲ್ ಬಂಕ್ ನಂಬ್ಕೋಬೇಡಿ. ಆಧಾರ್ ಎಲ್ಲರದ್ದೂ ಕೈಯಲ್ಲಿರಲಿ.

ಬಸವನಗುಡಿ_ಬಸ್ಸು:
ಮನೇಲಿ ಸಭೆ ಆಯ್ತು. ಖೂರಿಯಲ್ಲಿ ಎರಡು ರಾತ್ರಿ, ಬಯಲಲ್ಲಿ ಒಂದು. ಅಮ್ಮನಿಗೆ ಒಂಟೆಗಾಡಿ ಅಂದ್ರೆ "ನಾನೇನು ಮೂಟೆಯಾ" ಅಂದ್ರು, ಹಾಸಿಗೆ ಇರುತ್ತೆ ಅಂದ ಮೇಲೆ ಒಪ್ಪಿದ್ರು. ಡ್ರೋನ್ ಬೀರು ಮೇಲೆ ಹೋಯ್ತು. ಏಜೆಂಟ್‌ಗೆ ರಜಾಯಿ ಲೆಕ್ಕ ಕೇಳಿದ್ರೆ ಸಾಲಿನಲ್ಲಿ ಒಂದು ನಿಮಿಷ ಸದ್ದೇ ಇಲ್ಲ, ಆಮೇಲೆ "ವಿಚಾರಿಸಿ ಹೇಳ್ತೀನಿ ಸರ್".

ಪದ್ಮಕ್ಕ_ಪ್ಯಾಕಿಂಗ್:
ತಲೆಗೆ ಎರಡು ಅಂತ ವಾಟ್ಸಾಪ್‌ನಲ್ಲಿ ಬರೆಸ್ಕೊಳ್ಳಿ. ಬಾಯಿಮಾತು ಬೇಡ. ನಿಮ್ಮದೇ ತೆಳು ಬೆಡ್‌ಶೀಟ್ ನಾಲ್ಕು ಒಯ್ಯಿರಿ, ಅಲ್ಲಿನ ರಜಾಯಿಯ ಕವರ್ ಯಾವಾಗ ಒಗೆದಿದ್ದೋ.

ಮಂಗ್ಳೂರು_ಮೀನು:
ಬೆಳಿಗ್ಗೆ ಶೂ ಹಾಕುವ ಮುಂಚೆ ಬುಡಮೇಲು ಮಾಡಿ ಕೊಡವಿ. ಚೇಳು ಚಳಿಗಾಲದಲ್ಲಿ ಕಮ್ಮಿ, ಆದರೂ ಕೊಡವಿ. ಕಪ್ಪು ದುಂಡು ಹುಳ ಬಂದರೆ ಕಿರುಚುವುದು ಬೇಡ, ಅದು ಸಗಣಿಹುಳ, ತನ್ನ ಪಾಡಿಗೆ ಹೋಗುತ್ತದೆ.

ಮೈಸೂರು_ಮಂಡಕ್ಕಿ:
ನಾವು ಮೇ ತಿಂಗಳಲ್ಲಿ ಹೋಗೋಣ ಅಂತಿದ್ದೀವಿ, ರೂಮು ಅಗ್ಗ ಇದೆ. ಇದೇ ಪಟ್ಟಿ ನಡೆಯುತ್ತಾ?

ಥಾರ್_ತಿರುಕ:
ಜೈಸಲ್ಮೇರ್ ದಾರೀಲೇ ಸಿಗೋ ಫಲೋಡಿಯಲ್ಲಿ 2016ರ ಮೇ 19ಕ್ಕೆ 51 ಡಿಗ್ರಿ ಆಗಿತ್ತು. ಅಗ್ಗ ಯಾಕೆ ಅಂತ ಗೊತ್ತಾಯ್ತಲ್ಲ.

ಮೈಸೂರು_ಮಂಡಕ್ಕಿ:
ಊಟಿಗೆ ರೂಮ್ ನೋಡ್ತೀವಿ.